ಹಗೆ ಆರಿದ ಮೇಲೂ ಕಾಳಗವೇಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಕುಸ್ತಿ ಹೊಸದಲ್ಲ. ಬೋರಗಾಂವದಂಥ ಗಡಿ ಊರುಗಳಿಗೆ ಕೊಲ್ಹಾಪುರ ದೂರವೂ ಅಲ್ಲ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಅಲ್ಲಿ ಕಟ್ಟಿದ ಖಾಸಬಾಗ ಮೈದಾನದ ಹೆಸರು ಕೇಳದ ಪೈಲ್ವಾನ ಈ ಕಡೆ ಸಿಗುವುದು ಕಷ್ಟ. ಕಣಕ್ಕಿಳಿದ ಇಬ್ಬರು ಹುಡುಗರು ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ, ಕೈಗೆ ಕೈ ಕೂಡಿಸುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ಕೆಡವಲು ಮೈಯೆಲ್ಲ ಬಲ ಹಾಕುತ್ತಾರೆ. ಅವರ ನಡುವೆ ಹಗೆ ಇರಲೇಬೇಕೆಂದಿಲ್ಲ. ಹಗೆಯಿಲ್ಲದೆಯೂ ಮನುಷ್ಯ ಪೂರ್ಣ ಬಲದಿಂದ ಸೆಣಸಬಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಆದರೆ ಕುಸ್ತಿ ಆಟ. ಸೋತವನೂ ಸಂಜೆ ಮನೆಗೆ ಹೋಗುತ್ತಾನೆ. ಗೆದ್ದವನೊಬ್ಬನೇ ಮನೆಗೆ ಹೋಗುವ ಕಾಳಗದಲ್ಲಿ ಏನಾಗುತ್ತದೆ? ಎದುರಿಗೆ ನಿಂತವನ ಮೇಲೆ ಇದ್ದ ದ್ವೇಷವೆಲ್ಲ ಕರಗಿಹೋಗಿದೆ, ಆದರೂ ಬಿಲ್ಲು ಕೆಳಗಿಡಲಾಗುತ್ತಿಲ್ಲ. ಇಂಥ ಸ್ಥಿತಿಯಲ್ಲಿ ಸಿಕ್ಕಿಕೊಂಡವನನ್ನು ಕನ್ನಡದ ಹಳೆಯ ಕವಿಗಳು ಬಹಳ ಹತ್ತಿರದಿಂದ ನೋಡಿದ್ದಾರೆ. ಅವನ ಹೆಸರು ಕರ್ಣ.

ಹಗೆ ಹುಟ್ಟಿದ ದಿನ, ಹಗೆ ಸತ್ತ ದಿನ

ಕರ್ಣನ ಹಗೆ ಹುಟ್ಟಿದ್ದೂ ಒಂದು ಕಣದಲ್ಲಿಯೇ. ಹಸ್ತಿನಾಪುರದ ರಾಜಕುಮಾರರು ತಾವು ಕಲಿತ ಬಿಲ್ವಿದ್ಯೆಯನ್ನು ಜನರೆದುರು ತೋರಿಸುವ ದಿನ. ಅರ್ಜುನನಿಗೆ ಸರಿಸಮನಾಗಿ ಎಲ್ಲವನ್ನೂ ಮಾಡಿ ತೋರಿಸುತ್ತೇನೆಂದು ಒಬ್ಬ ತರುಣ ಮುಂದೆ ಬಂದ. ನಿನ್ನ ಕುಲ ಯಾವುದು, ತಂದೆ ಯಾರು ಎಂದು ಕೇಳಿದರು. ತರುಣ ತಲೆ ತಗ್ಗಿಸಿದ. ಎಲ್ಲರೂ ನಗುತ್ತಿದ್ದಾಗ ದುರ್ಯೋಧನನೊಬ್ಬ ಎದ್ದು ನಿಂತು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ. ಒಂದೇ ದಿನ ಒಂದು ಹಗೆ ಹುಟ್ಟಿತು, ಒಂದು ಋಣವೂ ಹುಟ್ಟಿತು. ಮುಂದಿನ ಕಥೆಯಲ್ಲಿ ಹಗೆ ಸಾಯುತ್ತದೆ, ಋಣ ಉಳಿಯುತ್ತದೆ. ಕರ್ಣನ ದುರಂತವನ್ನು ತಿಳಿಯಬೇಕಾದರೆ ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಸಂಧಾನ ಮುರಿದು ಕೃಷ್ಣ ಹಸ್ತಿನಾಪುರದಿಂದ ಹೊರಟಾಗ ಕರ್ಣನನ್ನು ತನ್ನ ರಥದಲ್ಲಿ ಕೂರಿಸಿಕೊಂಡು ಹೋಗಿ, ಅವನು ಕುಂತಿಯ ಚೊಚ್ಚಲ ಮಗನೆಂಬ ಗುಟ್ಟನ್ನು ಹೇಳಿದ. ಪಾಂಡವರು ನಿನ್ನ ತಮ್ಮಂದಿರು, ಬಾ, ಸಿಂಹಾಸನ ನಿನ್ನದು ಎಂದ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣ ಕೊಡುವ ಉತ್ತರವನ್ನು ನಿಧಾನವಾಗಿ ಓದಬೇಕು. ತನ್ನನ್ನು ಸಾಕಿದ ಅಧಿರಥ ಮತ್ತು ರಾಧೆಯರನ್ನು ಅವನು ನೆನೆಯುತ್ತಾನೆ. ಸೂತರ ಮನೆಯಲ್ಲಿಯೇ ಮದುವೆಯಾಗಿ ಮಕ್ಕಳು, ಮೊಮ್ಮಕ್ಕಳನ್ನು ಕಂಡದ್ದನ್ನು ಹೇಳುತ್ತಾನೆ. ದುರ್ಯೋಧನನ ಆಶ್ರಯದಲ್ಲಿ ಹದಿಮೂರು ವರ್ಷ ರಾಜ್ಯ ಅನುಭವಿಸಿದೆ, ಅವನು ನನ್ನನ್ನು ನಂಬಿಯೇ ಯುದ್ಧಕ್ಕೆ ಹೊರಟಿದ್ದಾನೆ ಎನ್ನುತ್ತಾನೆ. ಇನ್ನೊಂದು ಮಾತನ್ನೂ ಆಡುತ್ತಾನೆ: ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟು ನುಡಿಗಳಿಗಾಗಿ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ. ಯುಧಿಷ್ಠಿರನೇ ರಾಜನಾಗಲಿ ಎಂದು ಹಾರೈಸುತ್ತಾನೆ ಕೂಡ.

ಹಗೆ ಉಳಿದವನ ಬಾಯಲ್ಲಿ ಬರುವ ಮಾತುಗಳಲ್ಲ ಇವು. ಎದುರಾಳಿಯ ಗೆಲುವನ್ನು ಬಯಸುತ್ತ, ಆ ಎದುರಾಳಿಯ ಮೇಲೆಯೇ ಬಾಣ ಬಿಡಲು ಹೊರಟವನ ಮಾತುಗಳು.

ಸುಮಾರು 15ನೆಯ ಶತಮಾನದ ಗದುಗಿನ ಕುಮಾರವ್ಯಾಸ ಈ ಸನ್ನಿವೇಶವನ್ನು ಇನ್ನಷ್ಟು ಒಳಗೆ ಇಳಿದು ನೋಡುತ್ತಾನೆ. ಗುಟ್ಟು ಕೇಳಿದ ಕರ್ಣನ ಕಣ್ಣು ತುಂಬಿ ಬರುತ್ತದೆ. ಕೃಷ್ಣನ ಹಗೆ ಸುಮ್ಮನೆ ಹೋಗುವಂಥದ್ದಲ್ಲ, ವಂಶವನ್ನು ತಿಳಿಸಿಯೇ ತನ್ನನ್ನು ಕೊಂದುಬಿಟ್ಟ ಎಂದು ಅವನು ಒಳಗೊಳಗೇ ನೊಂದುಕೊಳ್ಳುತ್ತಾನೆ. ಇದು ಬಹು ಸೂಕ್ಷ್ಮವಾದ ಕಾಣ್ಕೆ. ಹಗೆಯಿದ್ದಾಗ ಕಾದುವುದು ಸುಲಭ. ಆ ಹಗೆಯನ್ನೇ ಕಿತ್ತುಕೊಂಡರೆ ಯೋಧನ ಅರ್ಧ ಬಲ ಹೋದಂತೆ. ಕೊನೆಗೆ ಕುಮಾರವ್ಯಾಸನ ಕರ್ಣ, ಸೈನ್ಯವನ್ನು ಸವರಿ ಒಡೆಯನ ಋಣವನ್ನು ತೀರಿಸಿ ರಣದಲ್ಲಿ ಬೀಳುತ್ತೇನೆ, ನಿನ್ನ ಐವರನ್ನು ಮಾತ್ರ ನೋಯಿಸುವುದಿಲ್ಲ ಎಂದು ಸೂರ್ಯನ ಮೇಲೆ ಆಣೆಯಿಡುತ್ತಾನೆ. ಆಣೆಗೆ ಅವನು ಕರೆದದ್ದು ತನ್ನ ಹೆತ್ತ ತಂದೆಯನ್ನೇ.

ಜೋಳದ ಋಣ

ಹಾಗಾದರೆ ಅವನು ಕಾದಿದ್ದು ಏಕೆ? ಸ್ನೇಹಕ್ಕಾಗಿ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಅದು ಸುಳ್ಳಲ್ಲ. ಆದರೆ ಹಳೆಯ ಕನ್ನಡನಾಡಿನಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ಒಂದು ಹೆಸರಿತ್ತು: ಜೋಳವಾಳಿ. 'ಪಾಳಿ' ಎಂದರೆ ಕ್ರಮ, ಕರ್ತವ್ಯ. ಒಡೆಯನ ಜೋಳ ತಿಂದವನು ಒಡೆಯನಿಗೆ ಸಲ್ಲಿಸಬೇಕಾದ ನಿಷ್ಠೆಯೇ ಜೋಳವಾಳಿ. ಬಿಳಿಜೋಳದ ರೊಟ್ಟಿ ತಟ್ಟುವ ಸೀಮೆಯವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನ ಋಣ, ಅನ್ನದ ಋಣ ಎಂದು ಇಂದೂ ಆಡುತ್ತೇವೆ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯೂ ಅದೇ ಬೇರಿನದು.

ಇದು ಕಾವ್ಯದೊಳಗಿನ ಆದರ್ಶ ಮಾತ್ರ ಆಗಿರಲಿಲ್ಲ. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಇದರ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಅವನು ದೇವಸನ್ನಿಧಿ ಸೇರಿದ ಚಿತ್ರ. ಸತ್ತವರಲ್ಲಿ ಬಹಳ ಮಂದಿ ಊರಿನ ದನಗಳನ್ನು ಬಿಡಿಸಿಕೊಳ್ಳಲೋ, ಒಡೆಯನ ಪರವಾಗಿಯೋ ಕಾದಿ ಬಿದ್ದವರು. ಎದುರಾಳಿಯ ಮೇಲೆ ಅವರಿಗೆ ಸ್ವಂತ ಹಗೆ ಇತ್ತೋ ಇಲ್ಲವೋ, ಕಲ್ಲು ಅದನ್ನು ಕೇಳುವುದಿಲ್ಲ. ಯಾರಿಗಾಗಿ, ಯಾವುದಕ್ಕಾಗಿ ಸತ್ತ ಎಂಬುದಷ್ಟೇ ಅದಕ್ಕೆ ಮುಖ್ಯ.

ಈ ನಿಷ್ಠೆ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಹಳೇಬೀಡಿನಲ್ಲಿ ಒಂದು ಕಂಬವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಅವನಿಗೆ ಪ್ರಾಣ ಮುಡಿಪಾಗಿಟ್ಟಿದ್ದ ಕುವರ ಲಕ್ಷ್ಮನೆಂಬ ದಂಡನಾಯಕ ಹೆಂಡತಿ ಮತ್ತು ತನ್ನ ಸಂಗಡದ ವೀರರೊಡನೆ ಪ್ರಾಣ ತೆತ್ತದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ಒಡೆಯನ ಜೊತೆಗೇ ಸಾಯುವ ಭಾಷೆ ಕೊಟ್ಟ ಇಂಥವರನ್ನು ಗರುಡರು, ಲೆಂಕರು ಎಂದು ಕರೆಯುತ್ತಿದ್ದರು. ಅಲ್ಲಿ ಎದುರಾಳಿಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಋಣ ತೀರಿಸಲು ಶತ್ರು ಕೂಡ ಬೇಕಿರಲಿಲ್ಲ.

ಇಂಥ ನಾಡಿನ ಕವಿ ಪಂಪ. ವೇಮುಲವಾಡದ ಚಾಲುಕ್ಯ ಅರಸ ಅರಿಕೇಸರಿಯ ಆಸ್ಥಾನದಲ್ಲಿದ್ದ ಅವನು ಕವಿಯೂ ಹೌದು, ಕತ್ತಿ ಹಿಡಿದ ಕಲಿಯೂ ಹೌದು. ಸುಮಾರು 941ರಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯದ ನಾಯಕನನ್ನಾಗಿ ಮಾಡಿದ. ಅದಕ್ಕೆ ಮೆಚ್ಚಿ ಅರಸ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟ. ಅಂದರೆ ಪಂಪನೂ ಒಡೆಯನ ಜೋಳ ಉಂಡವನೇ. ಹಾಗಿದ್ದರೂ ಅರ್ಜುನನ ಎದುರಾಳಿಯಾದ ಕರ್ಣನನ್ನು ಅವನು ಎಲ್ಲಿಯೂ ಕುಗ್ಗಿಸಲಿಲ್ಲ. ಭಾರತದಲ್ಲಿ ನೆನೆಯತಕ್ಕವನು ಯಾರಾದರೂ ಇದ್ದರೆ ಅವನು ಕರ್ಣ ಎಂಬ ಭಾವ ಬರುವಂತೆಯೇ ಬರೆದ. ಕರ್ಣನ ಇಕ್ಕಟ್ಟು ಪಂಪನಿಗೆ ಪುಸ್ತಕದಿಂದ ಕಲಿತ ವಿಷಯ ಆಗಿರಲಿಲ್ಲ.

ದುರ್ಯೋಧನನ ಹೆಂಡತಿ ಭಾನುಮತಿ, ಪಗಡೆಯಾಟ ಮತ್ತು ಹರಿದು ಚೆಲ್ಲಿದ ಮುತ್ತುಗಳ ಪ್ರಸಂಗವನ್ನು ಅವನು ಒಂದು ಪದ್ಯದಲ್ಲಿ ತರುತ್ತಾನೆ. ಅಲ್ಲಿ ಆಡುತ್ತಿದ್ದವರು ಯಾರು ಯಾರು ಎಂಬ ಬಗ್ಗೆ ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಜನ ನೆನಪಿಟ್ಟುಕೊಂಡ ಬಗೆ ಹೀಗೆ: ಸಂಶಯಪಡಬಹುದಾಗಿದ್ದ ಗಳಿಗೆಯಲ್ಲಿ ದುರ್ಯೋಧನ ಸಂಶಯಪಡಲಿಲ್ಲ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದ. ರಾಜ್ಯ ಕೊಟ್ಟ ಋಣವನ್ನು ರಾಜ್ಯ ಹಿಂದಿರುಗಿಸಿ ತೀರಿಸಬಹುದು. ನಂಬಿಕೆಯ ಋಣಕ್ಕೆ ಅಂಥ ಲೆಕ್ಕ ಇಲ್ಲ.

ಬದಲಾದದ್ದು ಕಾಳಗದ ರೀತಿ

ಹಗೆ ಹೋದದ್ದರಿಂದ ಕರ್ಣನ ಕಾಳಗ ನಿಲ್ಲಲಿಲ್ಲ. ಆದರೆ ಅದರ ರೀತಿ ಬದಲಾಯಿತು. ಕುಂತಿ ಗಂಗೆಯ ದಡಕ್ಕೆ ಬಂದು ಬೇಡಿದಾಗ ವ್ಯಾಸಭಾರತದ ಕರ್ಣ ಒಂದು ಮಾತು ಕೊಡುತ್ತಾನೆ: ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ, ಅರ್ಜುನ ಉಳಿಯಲಿ ನಾನು ಉಳಿಯಲಿ, ನಿನಗೆ ಐವರು ಮಕ್ಕಳು ಇದ್ದೇ ಇರುತ್ತಾರೆ. ಮುಂದೆ ರಣದಲ್ಲಿ ಭೀಮ, ಯುಧಿಷ್ಠಿರ, ನಕುಲ, ಸಹದೇವ ಒಬ್ಬೊಬ್ಬರಾಗಿ ಅವನ ಕೈಗೆ ಸಿಕ್ಕಿದರು. ಭೀಮನನ್ನು ಬಿಲ್ಲಿನ ತುದಿಯಿಂದ ಮುಟ್ಟಿ, ಹೀಯಾಳಿಸಿ, ಬಿಟ್ಟುಬಿಟ್ಟ. ಉಳಿದವರನ್ನೂ ಹಾಗೆಯೇ ಬಿಟ್ಟ. ಅರ್ಜುನನೊಡನೆ ಕೊನೆಯ ಕಾಳಗ ನಡೆದಾಗ ಗುರಿ ತಪ್ಪಿದ ಸರ್ಪಾಸ್ತ್ರ ಮರಳಿ ಬಂದು, ಇನ್ನೊಮ್ಮೆ ಹೂಡು ಎಂದರೂ ಒಪ್ಪಲಿಲ್ಲ. ಬೇರೆಯವರ ಬಲದಿಂದ ಗೆಲ್ಲುವ ಆಸೆ ನನಗಿಲ್ಲ ಎಂದ. ಒಡೆಯನಿಗೆ ಕೊಡಬೇಕಾದದ್ದನ್ನು ಕೊಡುತ್ತ, ಅದಕ್ಕಿಂತ ಹೆಚ್ಚು ರಕ್ತ ಹರಿಸದಂತೆ ಅಳೆದು ಕಾದುವ ಪ್ರಯತ್ನ ಇದು.

ಆದರೆ ಈ ಅಳತೆ ಎಲ್ಲ ಕಡೆಗೂ ನಿಲ್ಲಲಿಲ್ಲ ಎಂಬುದನ್ನು ಮರೆಮಾಚಬಾರದು. ಹದಿನಾರರ ಹರೆಯದ ಅಭಿಮನ್ಯುವನ್ನು ಹಲವು ಮಹಾರಥರು ಸುತ್ತುಗಟ್ಟಿದಾಗ ಅವನ ಬಿಲ್ಲನ್ನು ಕತ್ತರಿಸಿದವನು ಕರ್ಣ. ಘಟೋತ್ಕಚ ಸತ್ತದ್ದೂ ಅವನ ಕೈಯಿಂದಲೇ. ಇಬ್ಬರೂ ತನ್ನ ತಮ್ಮಂದಿರ ಮಕ್ಕಳೆಂದು ಅವನಿಗೆ ತಿಳಿದಿತ್ತು. ಕುಂತಿಗೆ ಕೊಟ್ಟ ಮಾತಿನಲ್ಲಿ ಅವರ ಹೆಸರು ಇರಲಿಲ್ಲ, ಅಷ್ಟೆ. ಹಗೆಯಿಲ್ಲದೆ ಕಾದಿದೆ ಎಂಬ ಸಮಾಧಾನ ಬಾಣ ಬಿಟ್ಟವನಿಗೆ ಇರಬಹುದು. ಬಾಣ ತಗುಲಿದವನಿಗೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಜೋಳವಾಳಿಯ ಗುಣಗಾನ ಮಾಡುವವರು ಈ ಮುಖವನ್ನೂ ನೋಡಬೇಕು: ಒಡೆಯ ಹಿಡಿದ ದಾರಿ ತಪ್ಪೆಂದು ಗೊತ್ತಿದ್ದರೂ ನಡೆಯುವವನು ನಿಷ್ಠಾವಂತನಾಗಿಯೇ ಅನ್ಯಾಯದ ಪಾಲುದಾರನಾಗುತ್ತಾನೆ.

ಇನ್ನಿಬ್ಬರು ತರುಣರು

ಕರ್ಣನಿಗೆ ಹೋಲಿಸಿ ನೋಡಬಹುದಾದ ಇನ್ನಿಬ್ಬರು ನಮ್ಮ ಸಾಹಿತ್ಯದಲ್ಲಿದ್ದಾರೆ. ಮೊದಲನೆಯವನು ಮಣಿಪುರದ ಬಭ್ರುವಾಹನ. ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಇವನು ಕನ್ನಡಿಗರ ಮನೆಮಾತಾದ. 1977ರ 'ಬಭ್ರುವಾಹನ' ಚಿತ್ರದಲ್ಲಿ ರಾಜಕುಮಾರ್ ಅವರು ತಂದೆ ಮಗ ಎರಡೂ ಪಾತ್ರಗಳಲ್ಲಿ ಕಾಣಿಸಿಕೊಂಡದ್ದನ್ನು ಹಿರಿಯ ಓದುಗರು ಮರೆತಿರಲಾರರು. ಯಜ್ಞದ ಕುದುರೆಯನ್ನು ಕಟ್ಟಿಹಾಕಿದ ಈ ತರುಣನಿಗೆ, ಅದರ ಹಿಂದೆ ಬಂದವನು ತನ್ನ ತಂದೆ ಅರ್ಜುನನೇ ಎಂದು ತಾಯಿಯಿಂದ ತಿಳಿಯುತ್ತದೆ. ಕಾದುವ ಮನಸ್ಸು ಅಲ್ಲಿಗೇ ಮುಗಿದುಹೋಗುತ್ತದೆ. ಕಾಣಿಕೆಗಳೊಡನೆ ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಒದ್ದು, ಹುಟ್ಟನ್ನು ಹಳಿಯುತ್ತಾನೆ. ಆಗ ಮಗ ಬಿಲ್ಲು ಹಿಡಿಯುತ್ತಾನೆ.

ಇಲ್ಲಿ ಅವನನ್ನು ಎಬ್ಬಿಸಿದ್ದು ತಾಯಿಯ ಮಾನ. ವ್ಯಾಸಭಾರತದಲ್ಲಿ ಕಾರಣ ಸ್ವಲ್ಪ ಬೇರೆ: ದಂಡೆತ್ತಿ ಬಂದವನನ್ನು ಕ್ಷತ್ರಿಯನಂತೆ ಎದುರಿಸದೆ ಕಾಣಿಕೆ ಹಿಡಿದು ಬಂದನಲ್ಲ ಎಂದು ಅರ್ಜುನನೇ ಮಗನನ್ನು ಮೂದಲಿಸುತ್ತಾನೆ, ಮಲತಾಯಿ ಉಲೂಪಿಯೂ ಕಾದು ಎನ್ನುತ್ತಾಳೆ. ಎರಡರಲ್ಲಿಯೂ ಮಗನಿಗೆ ತಂದೆಯ ಮೇಲೆ ಹಗೆ ಇಲ್ಲ. ಎರಡರಲ್ಲಿಯೂ ಗೆದ್ದ ಮಗ ತಂದೆಯ ದೇಹದ ಮುಂದೆ ಕುಳಿತು ಗೋಳಾಡುತ್ತಾನೆ. ನಾಗಲೋಕದ ಮಣಿ ಬಂದು ಅರ್ಜುನ ಬದುಕಿದ್ದರಿಂದ ಕಥೆ ಸುಖಾಂತವಾಯಿತು. ಕುರುಕ್ಷೇತ್ರದಲ್ಲಿ ಅಂಥ ಮಣಿ ಇರಲಿಲ್ಲ.

ಎರಡನೆಯವನು ಬಾಹುಬಲಿ. ಜೈನರು ಹೆಚ್ಚಾಗಿರುವ ಈ ಗಡಿಸೀಮೆಗೆ ಅವನು ಬಲು ಹತ್ತಿರದವನು. ಕೊಲ್ಹಾಪುರ ಜಿಲ್ಲೆಯ ಕುಂಭೋಜದ ಬಳಿ 1963ರಲ್ಲಿ ನಿಲ್ಲಿಸಿದ 28 ಅಡಿ ಎತ್ತರದ ಮೂರ್ತಿಯನ್ನು ಇಲ್ಲಿಯ ಅನೇಕ ಮನೆತನದವರು ದರ್ಶನ ಮಾಡಿ ಬಂದಿರುತ್ತಾರೆ. ಪಂಪನ 'ಆದಿಪುರಾಣ'ದ ಬಾಹುಬಲಿಗೆ ಅಣ್ಣ ಭರತನ ಮೇಲೆ ಹಗೆ ಇರಲಿಲ್ಲ. ಅಣ್ಣನೆಂದು ನಮಸ್ಕರಿಸಲು ಅವನು ಸಿದ್ಧ. ಕತ್ತಿ ಹಿರಿದು ನಮಸ್ಕಾರ ಕೇಳುವ ಚಕ್ರವರ್ತಿಗೆ ತಲೆಬಾಗಲು ಮಾತ್ರ ಸಿದ್ಧನಿಲ್ಲ. ಸೈನಿಕರು ಸಾಯುವುದು ಬೇಡವೆಂದು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೆಣಸಿದರು. ಮೂರರಲ್ಲಿಯೂ ತಮ್ಮ ಗೆದ್ದ. ಕೊನೆಯಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದ. ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದ.

ಬಾಹುಬಲಿ ನಿಲ್ಲಿಸಬಲ್ಲವನಾದ, ಕರ್ಣ ನಿಲ್ಲಿಸಲಾರದವನಾದ. ಕಾರಣ ಏನು? ಬಾಹುಬಲಿ ಯಾರ ಜೋಳವನ್ನೂ ಉಂಡವನಲ್ಲ. ಪೌದನಪುರ ತಂದೆ ಕೊಟ್ಟ ಪಾಲು. ಕಾಳಗ ಅವನ ಸ್ವಂತದ್ದು, ಆದ್ದರಿಂದ ಅದನ್ನು ಮುಗಿಸುವ ಹಕ್ಕೂ ಅವನದೇ. ಕರ್ಣನ ಕಾಳಗ ಇನ್ನೊಬ್ಬನದು. ತನ್ನದಲ್ಲದ ಜಗಳವನ್ನು ಕೈಗೆತ್ತಿಕೊಂಡವನಿಗೆ ಅದನ್ನು ಕೆಳಗಿಡುವುದು ತನ್ನ ಜಗಳಕ್ಕಿಂತ ಕಷ್ಟ.

ಹೇಳದೆ ಉಳಿದ ಮಾತು

ಇದು ಬರಿಯ ಪುರಾಣದ ಮಾತಲ್ಲ. ಬದುವಿಗಾಗಿ, ಬಾವಿಯ ನೀರಿನ ಪಾಳಿಗಾಗಿ, ಹೊಲಕ್ಕೆ ಹೋಗುವ ದಾರಿಗಾಗಿ ಅಜ್ಜಂದಿರ ಕಾಲದಲ್ಲಿ ಹೊತ್ತಿದ ದಾಯಾದಿ ಜಗಳಗಳು ಮೊಮ್ಮಕ್ಕಳ ಕಾಲದವರೆಗೂ ಕೋರ್ಟಿನಲ್ಲಿ ನಡೆಯುವುದನ್ನು ಯಾವ ಊರಲ್ಲಿ ಕಂಡಿಲ್ಲ? ಮೊಮ್ಮಕ್ಕಳು ಒಂದೇ ಶಾಲೆಯಲ್ಲಿ ಕಲಿತವರು, ಒಂದೇ ಕಾರ್ಖಾನೆಗೆ ಕಬ್ಬು ಕಳಿಸುವವರು. ಎದುರು ಮನೆಯವನ ಮೇಲೆ ಅವರಿಗೆ ಹಗೆ ಇಲ್ಲ. ಆದರೂ ತಾರೀಕು ಬಂದ ದಿನ ಎರಡೂ ಕಡೆಯವರು ವಕೀಲರ ಮನೆಗೆ ಹೋಗುತ್ತಾರೆ. ಏಕೆ ಎಂದರೆ, ಅಪ್ಪ ಹಿಡಿದ ಕೇಸು ಹೇಗೆ ಬಿಡುವುದು, ಮನೆತನದ ಮರ್ಯಾದೆ ಏನಾಗಬೇಕು ಎನ್ನುತ್ತಾರೆ. ಅದೂ ಒಂದು ಜೋಳವಾಳಿಯೇ. ತೀರಿಸಬೇಕಾದ ಒಡೆಯ ತೀರಿಹೋಗಿ ವರ್ಷಗಳಾಗಿವೆ, ಋಣ ಮಾತ್ರ ಉಳಿದಿದೆ. ಇಂಥ ವ್ಯಾಜ್ಯಗಳನ್ನು ರಾಜಿಯಿಂದ ಮುಗಿಸಲು 1987ರ ಕಾನೂನಿನ ಪ್ರಕಾರ ಲೋಕ ಅದಾಲತ್‌ಗಳಿವೆ. ಆದರೆ ಅಲ್ಲಿಗೆ ಹೋಗಲು ಯಾರಾದರೊಬ್ಬರು ಮೊದಲು ಬಾಯಿ ಬಿಡಬೇಕು.

ಕರ್ಣನ ಕಥೆಯಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ ಬಹುಶಃ ಇದೇ. ತನ್ನ ಹುಟ್ಟಿನ ಗುಟ್ಟನ್ನು ಯುಧಿಷ್ಠಿರನಿಗೆ ಹೇಳಬೇಡ ಎಂದು ಅವನೇ ಕೃಷ್ಣನನ್ನು ಕೇಳಿಕೊಂಡ. ತಿಳಿದರೆ ಯುಧಿಷ್ಠಿರ ರಾಜ್ಯವನ್ನು ನನಗೆ ಕೊಟ್ಟುಬಿಡುತ್ತಾನೆ, ಕೊಟ್ಟರೆ ನಾನು ಅದನ್ನು ದುರ್ಯೋಧನನಿಗೆ ಒಪ್ಪಿಸಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಹೀಗಾಗಿ ಹಗೆ ಆರಿದ್ದು ಒಂದೇ ಕಡೆ. ಆ ಕಡೆಯವರಿಗೆ ಅದರ ಸುಳಿವೂ ಇರಲಿಲ್ಲ. ಅರ್ಜುನ ಬಾಣ ಹೂಡಿದ್ದು ಸೂತಪುತ್ರನೆಂಬ ಹಳೆಯ ಹಗೆಯ ಮೇಲೆ. ಬಿದ್ದವನು ಅಣ್ಣ.

ಕಣದಲ್ಲಿ ಪೈಲ್ವಾನರು ಮೊದಲು ಕೈ ಕೂಡಿಸುವುದರ ಅರ್ಥ ಇಲ್ಲಿ ತಿಳಿಯುತ್ತದೆ. ನಿನ್ನ ಮೇಲೆ ನನಗೆ ಹಗೆಯಿಲ್ಲ ಎಂದು ಸೆಣಸುವ ಮುಂಚೆಯೇ ಎದುರಿನವನಿಗೆ ತಿಳಿಸುವ ಮಾತು ಅದು. ಕುರುಕ್ಷೇತ್ರದಲ್ಲಿ ಆ ಮಾತನ್ನು ಆಡಿದವಳು ಕುಂತಿ, ಅದೂ ಎಲ್ಲ ಮುಗಿದ ಮೇಲೆ. ಸತ್ತವರಿಗೆ ತರ್ಪಣ ಬಿಡಲು ಮಕ್ಕಳು ಗಂಗೆಗೆ ಇಳಿದಾಗ, ಕರ್ಣನಿಗೂ ಬಿಡಿ, ಅವನು ನಿಮ್ಮ ಅಣ್ಣ ಎಂದಳು. ಯುಧಿಷ್ಠಿರ ಕಣ್ಣೀರಿಟ್ಟ. ಹೆಂಗಸರ ಬಾಯಲ್ಲಿ ಇನ್ನು ಗುಟ್ಟು ನಿಲ್ಲದಿರಲಿ ಎಂದು ಶಪಿಸಿದ. ಹದಿನೆಂಟು ದಿನ ಮೊದಲು ಆ ಗುಟ್ಟು ಹೊರಬಿದ್ದಿದ್ದರೆ ಎಂದು ಅವನಿಗೆ ಅನ್ನಿಸಿದ್ದು ಸಹಜ. ಆದರೆ ಆ ಹೊತ್ತಿಗೆ ಬೊಗಸೆಯ ನೀರು ಹೊಳೆಗೆ ಸೇರಿಹೋಗಿತ್ತು.